ಪಂಪಿನ ಬಳೆಗೆ ಪೇಟೆಂಟು

ನಮ್ಮ ಮನೆಯಲ್ಲಿ ಅಮ್ಮನ ಹೆಸರಿನಲ್ಲಿ ಏನೇನಿತ್ತು ಎಂದು ಪಟ್ಟಿ ಮಾಡಲು ಕೂತರೆ ಕಾಗದ ದಂಡ. ರೇಷನ್ ಕಾರ್ಡಿನಲ್ಲಿ ಕುಟುಂಬದ ಯಜಮಾನ ಅಪ್ಪ. ಗ್ಯಾಸಿನ ಪುಸ್ತಕ ಅಪ್ಪನದು, ಆ ಗ್ಯಾಸಿನ ಮೇಲೆ ಅವರು ಒಂದು ದಿನವೂ ಹಾಲು ಕಾಯಿಸಿದ್ದಿಲ್ಲ. ಕರೆಂಟಿನ ಕಾರ್ಡು ಅಪ್ಪನದು. ಮದುವೆ ಮುಂಜಿಯ ಕರೆಯೋಲೆ ಬಂದರೆ ಲಕೋಟೆಯ ಮೇಲೆ ‘ಶ್ರೀ ತಿರುಮಲೇಶ ಮತ್ತು ಕುಟುಂಬ’. ಆ ‘ಮತ್ತು ಕುಟುಂಬ’ದೊಳಗೆ ಅಮ್ಮನೂ ನಾನೂ ಇಕ್ಕಟ್ಟಾಗಿ ಸೇರಿಕೊಂಡಿದ್ದೆವು. ಪುರಸೈವಾಕ್ಕಂನಲ್ಲಿ ನಾವಿದ್ದ ಆರು ಮನೆಗಳ ವಠಾರದಲ್ಲಂತೂ ಅಮ್ಮ ಇಪ್ಪತ್ತು ವರ್ಷದಿಂದ ‘ಇನ್ಶೂರೆನ್ಸ್ ಮಾಮಿ’. ವಿಮಾ ಕಛೇರಿಯಲ್ಲಿ ಸೆಕ್ಷನ್ ಹೆಡ್ ಆಗಿದ್ದವರು ಅಪ್ಪ. ಅಮ್ಮ ಆ ಕಟ್ಟಡದ ಮೆಟ್ಟಿಲನ್ನೂ ಹತ್ತಿದವಳಲ್ಲ. ಅವಳಿಗೆ ಅಂಬುಜಾ ಎಂಬ ಹೆಸರಿದೆ ಎನ್ನುವುದು ತವರಿನವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿದ್ದಿರಬೇಕು. ಅವರು ‘ಏ ಇವಳೇ’ ಎಂದು ಕರೆಯುತ್ತಿದ್ದರು.

ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಮದ್ರಾಸಿನಲ್ಲಿ ನೀರಿರಲಿಲ್ಲ. ಇದೇನು ದೊಡ್ಡ ಸುದ್ದಿಯಲ್ಲ, ಮದ್ರಾಸಿನಲ್ಲಿ ನೀರಿದ್ದರೆ ಅದು ಸುದ್ದಿ. ವಠಾರದ ಅಂಗಳದಲ್ಲಿ ಆರು ಮನೆಗೂ ಸೇರಿ ಒಂದು ಅಡಿಪಂಪು ಇತ್ತು. ಬೀದಿಯ ಪೈಪಿನ ನೀರಿಗೆ ತಾನಾಗಿ ಮೇಲೆ ಬರುವಷ್ಟು ಉಮೇದಿಲ್ಲದ್ದರಿಂದ ಹಿಡಿ ಹೊಡೆದು ಹೊಡೆದು ಅದನ್ನು ಎಬ್ಬಿಸಬೇಕಿತ್ತು. ಎದ್ದು ಬಂದ ನೀರು ಒಂಟಿಯಾಗಿ ಬರುತ್ತಿರಲಿಲ್ಲ. ತುಕ್ಕು, ಮರಳು, ಒಮ್ಮೊಮ್ಮೆ ಕೆಂಪು ಹುಳು, ಹೀಗೆ ಸಂಸಾರ ಸಮೇತ ಬರುತ್ತಿತ್ತು. ಅದಕ್ಕೇ ಪಂಪಿನ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು.

ಎಲ್ಲರಿಗೂ ಸೇರಿ ಒಂದೇ ಬಟ್ಟೆ ಕಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆರು ಮನೆಗೆ ಆರು ಮಡಿ. ಪಕ್ಕದ ಮನೆಯ ಜಯಲಕ್ಷ್ಮೀ ಮಾಮಿಯ ಬಟ್ಟೆಯಲ್ಲಿ ಸೋಸಿದ ನೀರು ನಮ್ಮ ದೇವರಿಗೆ ಆಗದು. ನಮ್ಮ ಬಟ್ಟೆಯಲ್ಲಿ ಸೋಸಿದ್ದು ಅವರ ದೇವರಿಗೆ ಆಗದು. ಈ ವಿಷಯದಲ್ಲಿ ದೇವರುಗಳ ಅಭಿಪ್ರಾಯವೇನು ಎಂದು ಯಾರೂ ಕೇಳಿದಂತಿಲ್ಲ. ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಮುಟ್ಟಿ ಬಿಚ್ಚುವಂತೆಯೂ ಇಲ್ಲ, ಅವರೇ ಬಂದು ಬಿಚ್ಚಿಕೊಂಡು ಹೋಗಬೇಕು. ಅವರು ಒಲೆಯ ಮೇಲೆ ಹುಳಿ ಇಟ್ಟು ಒಳಗೆ ಹೋಗಿದ್ದರೆ ಹುಳಿ ಕುದಿಯುವವರೆಗೂ ಕಾಯಬೇಕು. ಆಮೇಲೆ ನಮ್ಮ ಬಟ್ಟೆಯನ್ನು ದಾರದಲ್ಲಿ ಬಿಗಿದು ಕಟ್ಟಿ, ನಾಲ್ಕು ಕೊಡ ತುಂಬುವಷ್ಟರಲ್ಲಿ ಗಂಟು ಸಡಿಲಿ, ಬಟ್ಟೆ ಕಸದ ಸಮೇತ ಕೊಡದೊಳಗೆ ಬೀಳುತ್ತಿತ್ತು. ಆ ಕೊಡದ ನೀರು ಚೆಲ್ಲಬೇಕು. ಅಮ್ಮ ವಾರಕ್ಕೆ ಎರಡು ಸಲವಾದರೂ ಹಾಗೆ ಚೆಲ್ಲುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಅಪ್ಪನ ಮುರಿದ ಕೊಡೆಯ ಕಡ್ಡಿಗಳನ್ನು ಬಿಚ್ಚಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಮನೆಯಲ್ಲಿ ಇಕ್ಕಳವಿರಲಿಲ್ಲ. ಅಡಕತ್ತರಿಯ ಹಿಡಿಗಳ ನಡುವೆ ಕಡ್ಡಿ ಸಿಕ್ಕಿಸಿ ಬಗ್ಗಿಸುತ್ತಿದ್ದಳು. ನಾನು ಏನೆಂದು ಕೇಳಿದೆ.

“ಬಳೆ,” ಅಂದಳು. “ನೀರಿಗೆ.”

ಎರಡು ಬಳೆ. ಒಂದರ ತುದಿಗಳು ಒಂದನ್ನೊಂದು ದಾಟಿ ಬಾಲದಂತೆ ಹೊರಗೆ ಚಾಚಿದ್ದವು. ಎರಡು ಬಾಲಗಳನ್ನೂ ಬೆರಳಲ್ಲಿ ಒತ್ತಿದರೆ ಬಳೆ ಅಗಲವಾಗುತ್ತಿತ್ತು. ಪಂಪಿನ ಬಾಯಿಗೆ ತೊಡಿಸಿ ಬಿಟ್ಟರೆ ಕಚ್ಚಿಕೊಳ್ಳುತ್ತಿತ್ತು. ಎರಡನೆಯ ಬಳೆಗೆ ಸೋಸುವ ಬಟ್ಟೆಯನ್ನು ಚೀಲದ ಹಾಗೆ ಹೊಲಿದಿದ್ದಳು. ಆ ಬಳೆ ಮೊದಲನೆಯದರ ಕೆಳಗೆ ನೇತಾಡಬೇಕು, ಕಸ ತುಂಬಿದರೆ ಡಬ್ಬಿಯ ಮುಚ್ಚಳದಂತೆ ಎತ್ತಿ ಕೊಡವಬೇಕು. ಇನ್ನೊಬ್ಬರು ತೆಗೆಯಬೇಕಾದರೆ ಬಾಲ ಒತ್ತಿದರಾಯಿತು, ಬಟ್ಟೆ ಮುಟ್ಟುವಂತಿಲ್ಲ. ಲೋಹವನ್ನು ತೊಳೆದರೆ ಮೈಲಿಗೆ ಹೋಯಿತು ಎನ್ನುವುದನ್ನು ಆರು ಮನೆಯವರೂ ಒಪ್ಪುತ್ತಿದ್ದರು. ಬೇರೆ ಯಾವುದನ್ನೂ ಅವರು ಒಟ್ಟಿಗೆ ಒಪ್ಪಿದ್ದು ನನಗೆ ನೆನಪಿಲ್ಲ.

ನಾನು ಆಗಷ್ಟೇ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಇಪ್ಪತ್ತೆರಡು ವರ್ಷದ ತಜ್ಞೆ. ಎರಡು ಬಳೆಗಳನ್ನು ದಾರದಿಂದ ಕಟ್ಟಿದ್ದು ನೋಡಿ ನನ್ನ ವಿದ್ಯೆ ಜಾಗೃತವಾಯಿತು. ದಾರ ಕೊಳೆಯುತ್ತದೆ, ಇದಕ್ಕೊಂದು ಕೀಲು ಬೇಕು ಎಂದೆ. ಡ್ರಾಯಿಂಗ್ ಬೋರ್ಡು ಹೊರಗೆ ತೆಗೆದೆ. ಟೀ-ಸ್ಕ್ವೇರ್ ಇಟ್ಟು, ಮೇಲಿನಿಂದ ಕಾಣುವಂತೆ, ಮುಂದಿನಿಂದ ಕಾಣುವಂತೆ, ಪಕ್ಕದಿಂದ ಕಾಣುವಂತೆ ಬರೆದು ಎರಡು ದಿನದ ಮೇಲೆ ಅಮ್ಮನಿಗೆ ತೋರಿಸಿದೆ. ಅಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು.

“ಚೆನ್ನಾಗಿದೆ. ಕೀಲು ಬಲಗಡೆ ಇಟ್ಟಿದ್ದೀಯಲ್ಲ, ಯಾಕೆ?”

“ಬಲಗಡೆ ಇಟ್ರೆ ಎತ್ತೋದಕ್ಕೆ ಸುಲಭ.”

“ಬಲಗೈ ಹಿಡಿ ಹೊಡೀತಿರತ್ತೆ. ಎಡಗೈ ಕೊಡದ ಮೇಲಿರತ್ತೆ. ಯಾವ ಕೈಲಿ ಎತ್ತೋದು, ನಿಮ್ಮಪ್ಪನ ಕೈಲಾ?”

ಎರಡು ವರ್ಷದ ಕೋರ್ಸಿನಲ್ಲಿ ವಸ್ತುವಿಗೆ ಮೂರು ಮುಖ ಎಂದು ಕಲಿಸಿದ್ದರು. ಮನುಷ್ಯರಿಗೆ ಎರಡೇ ಕೈ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೀಲನ್ನು ಹಿಂದಕ್ಕೆ, ಪಂಪಿನ ಕಡೆಗೆ ಸರಿಸಿದೆವು. ಆಗ ಕೊಡದ ಮೇಲಿನ ಕೈಯ ಹೆಬ್ಬೆರಳಿನಿಂದಲೇ ಚಿಮ್ಮಿ ಎತ್ತಬಹುದಾಗಿತ್ತು. ಕೀಲು ಹೇಗಿರಬೇಕು ಎಂದು ಮತ್ತೊಂದು ವಾರ ಜಗಳವಾಡಿದೆವು. ನಾನು ಪುಸ್ತಕದಲ್ಲಿದ್ದ ನಾಲ್ಕು ಬಗೆಯ ಕೀಲು ತೋರಿಸಿದೆ. ಅಮ್ಮ ತನ್ನ ಬಳೆಯಲ್ಲಿದ್ದ ಸೇಫ್ಟಿ ಪಿನ್ನು ತೆಗೆದು, ಅದರ ಬುಡದ ಸುರುಳಿ ತೋರಿಸಿ, “ಇದಾಗಲ್ವಾ?” ಅಂದಳು. ಆಯಿತು. ವಠಾರವೆಲ್ಲ ಊಟ ಮಾಡಿ ಮಲಗಿದ್ದ ಒಂದು ಮಧ್ಯಾಹ್ನ ಇಬ್ಬರೂ ಕಳ್ಳರ ಹಾಗೆ ಹೋಗಿ ಪಂಪಿಗೆ ತೊಡಿಸಿ ನೋಡಿದೆವು. ಪಂಪಿನಲ್ಲಿ ಎರಡು ಕೊಡದಷ್ಟು ನೀರು ಉಳಿದಿತ್ತು. ಒಂದು ಹನಿಯೂ ಪಕ್ಕಕ್ಕೆ ಹೋಗಲಿಲ್ಲ, ಬಟ್ಟೆ ಅಲುಗಲಿಲ್ಲ. ಅಮ್ಮ ತುಂಬಿದ ಕೊಡದೊಳಗೆ ಬಗ್ಗಿ ತುಂಬ ಹೊತ್ತು ನೋಡಿದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ನನ್ನ ಪರೀಕ್ಷೆ ಪಾಸಾದ ದಿನವೂ ಕಂಡಿರಲಿಲ್ಲ.

ಪೇಟೆಂಟಿನ ವಿಷಯ ಎತ್ತಿದವಳು ನಾನೇ. ಹೊಸದಾಗಿ ಏನನ್ನಾದರೂ ಮಾಡಿದವರಿಗೆ ಸರ್ಕಾರ ಒಂದು ಕಾಗದ ಕೊಡುತ್ತದೆ, ಹದಿನಾಲ್ಕು ವರ್ಷ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ ಎಂದು ಕ್ಲಾಸಿನಲ್ಲಿ ಕೇಳಿದ್ದೆ.

“ಹದಿನಾಲ್ಕು ವರ್ಷ ಅಂದ್ರೆ ರಾಮದೇವರ ವನವಾಸ,” ಅಂದಳು ಅಮ್ಮ. “ಯಾರ ಹೆಸರಲ್ಲಿ ಕೊಡ್ತಾರೆ?”

“ಮಾಡಿದವರ ಹೆಸರಲ್ಲಿ. ನಿನ್ನ ಹೆಸರಲ್ಲಿ.”

“ಅಂಬುಜಾ ಅಂತಲೇ?”

“ಮತ್ತಿನ್ನೇನು? ನಾನೇ ಬರೀತೀನಲ್ಲ. ದೊಡ್ಡದಾಗಿ ಬರೀತೀನಿ.”

ರಾತ್ರಿ ಊಟಕ್ಕೆ ಬಡಿಸುವಾಗ ಮತ್ತೊಮ್ಮೆ ಕೇಳಿದಳು, ನಾನು ಮತ್ತೊಮ್ಮೆ ಮಾತು ಕೊಟ್ಟೆ. ಮರುದಿನ, ಸರ್ಕಾರದ ಕಾಗದಕ್ಕೆ ಇಂಗ್ಲಿಷಿನಲ್ಲಿ ಸಹಿ ಹಾಕಬೇಕಾದೀತು, ಕಲಿಸು ಎಂದಳು. ಕ್ಯಾಲೆಂಡರಿನಲ್ಲಿ ಹರಿದ ತಿಂಗಳುಗಳ ಬೆನ್ನಿನ ಮೇಲೆ ಅವಳು ಇಡೀ ಜೂನ್ ತಿಂಗಳು ತನ್ನ ಹೆಸರನ್ನು ಬರೆದಳು. ಮೊದಮೊದಲು ಅಕ್ಷರಗಳು ಪಂಪಿನ ಮುಂದಿನ ಸರದಿಯಂತೆ ಒಂದನ್ನೊಂದು ತಳ್ಳಾಡುತ್ತಿದ್ದವು. ಜುಲೈ ಹೊತ್ತಿಗೆ ಸಾಲಾಗಿ ನಿಂತವು.

ಅಪ್ಪನಿಗೆ ಹೇಳಲೇಬೇಕಾಯಿತು, ಏಕೆಂದರೆ ಅರ್ಜಿ ಎಂದರೆ ಅಪ್ಪ. ಭಾನುವಾರ ಕಾಫಿ ಕುಡಿದಾದ ಮೇಲೆ ಬಳೆಯನ್ನು ಅವರ ಮುಂದಿಟ್ಟೆವು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ನೋಡಿದರು.

“ಈ ಕಡ್ಡಿ ಎಲ್ಲಿಂದ ಬಂತು?”

“ನಿಮ್ಮ ಕೊಡೆದು,” ಅಂದಳು ಅಮ್ಮ.

“ಹಾಗೆ ಹೇಳು. ನನ್ನ ಕೊಡೆ,” ಎಂದು ಅಪ್ಪ ಹಿಂದಕ್ಕೆ ಒರಗಿದರು. ಆ ಕ್ಷಣದಿಂದ ಬಳೆ ಹುಟ್ಟಿದ್ದು ಕೊಡೆಯಿಂದ, ಕೊಡೆ ಹುಟ್ಟಿದ್ದು ಅಪ್ಪನ ಸಂಬಳದಿಂದ ಎಂದಾಯಿತು. ಸಂಜೆಯೊಳಗೆ “ನಾನು ಒಂದು ಸಾಧನ ಮಾಡಿದ್ದೀನಿ” ಎನ್ನಲು ಶುರುಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇಲ್ಲಿ ಕೂಸು ಹುಟ್ಟಿ ಆಡುತ್ತಿತ್ತು, ಅಪ್ಪ ಬಂದು ಹೆರಿಗೆ ನೋವು ತಿನ್ನುತ್ತಿದ್ದರು.

ಕನ್ನಡ ಸಂಘದಲ್ಲಿ ಅವರಿಗೆ ಪರಿಚಯವಿದ್ದ ರಘುರಾಮ ಎನ್ನುವವರು ಪೇಟೆಂಟ್ ಏಜೆಂಟ್. ಒಂದು ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ಅವರ ಕೋಣೆ. ಅಪ್ಪನೂ ನಾನೂ ಹೋದೆವು. ಅಮ್ಮ ಬರುತ್ತೇನೆಂದು ಸೀರೆ ಉಟ್ಟಿದ್ದಳು, “ಅಲ್ಲಿ ನಿನಗೇನು ಕೆಲಸ?” ಎಂದರು ಅಪ್ಪ. ರಘುರಾಮರು ಬಳೆಯನ್ನು ತಮ್ಮ ಹೂಜಿಯ ಕುತ್ತಿಗೆಗೆ ತೊಡಿಸಿ, ತೆಗೆದು, ಮತ್ತೆ ತೊಡಿಸಿ, ಚಿಕ್ಕ ಹುಡುಗನ ಹಾಗೆ ನಕ್ಕರು.

“ಇದು ನಿಲ್ಲತ್ತೆ ಸಾರ್,” ಎಂದರು. “ಆದ್ರೆ ಒಂದು ವಿಷಯ. ಅರ್ಜಿ ಆಫೀಸಲ್ಲಿ ಕೊಡೋ ತನಕ ಇದನ್ನ ಯಾರಿಗೂ ತೋರಿಸಕೂಡದು, ಯಾರೂ ಉಪಯೋಗಿಸಕೂಡದು. ನಾಲ್ಕು ಜನ ಕೈಲಿ ಹಿಡಿದು ಉಪಯೋಗಿಸಿದ್ರೋ, ಅದು ಹೊಸದಲ್ಲ. ಹೊಸದಲ್ಲ ಅಂದ್ರೆ ಪೇಟೆಂಟ್ ಇಲ್ಲ. ಅವ್ವಳವುದಾನ್, ಅಷ್ಟೇ.”

ಮನೆಗೆ ಬಂದು ಅಮ್ಮನಿಗೆ ಇದನ್ನು ಎರಡೆರಡು ಸಲ ಬಿಡಿಸಿ ಹೇಳಿದೆ. ಅವಳು ಪಾಠ ಒಪ್ಪಿಸುವಂತೆ ತಿರುಗಿ ಹೇಳಿದಳು: “ಅರ್ಜಿ ಕೊಡೋಕೆ ಮುಂಚೆ ಯಾರ ಕೈಗೂ ಹೋಗಬಾರದು. ಹೋದ್ರೆ ಅದು ಎಲ್ಲರದೂ ಆಗಿಹೋಗತ್ತೆ. ಅಷ್ಟೇ ತಾನೆ?” ಅಷ್ಟೇ. ಬಳೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಮರುದಿನ ಬೆಳಗ್ಗೆ ಮತ್ತೆ ದಾರದಲ್ಲಿ ಬಟ್ಟೆ ಕಟ್ಟಿದಳು, ಬಟ್ಟೆ ಮತ್ತೆ ಕೊಡದೊಳಗೆ ಬಿತ್ತು, ನೀರನ್ನು ಮತ್ತೆ ಚೆಲ್ಲಿದಳು. ಪರಿಹಾರ ಅಕ್ಕಿಯೊಳಗಿದ್ದಾಗ ನೀರು ಚೆಲ್ಲುವುದು ಇನ್ನೂ ಕಷ್ಟ. ಆದರೂ ಅವಳು ಯಾರಿಗೂ ಬಾಯಿ ಬಿಡಲಿಲ್ಲ.

ಅರ್ಜಿ ತುಂಬುವುದು ಆಗಸ್ಟ್ ಕೊನೆಯವರೆಗೆ ನಡೆಯಿತು. ವಿವರಣೆಯನ್ನು ರಘುರಾಮರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅದರಲ್ಲಿ ನಮ್ಮ ಬಳೆ ‘ವೃತ್ತಾಕಾರದ ಸ್ಥಿತಿಸ್ಥಾಪಕ ಅಂಗ’ ಎಂಬರ್ಥದ ಏನೋ ಆಗಿತ್ತು, ಅಮ್ಮನಿಗೆ ಓದಿ ಹೇಳಿದಾಗ “ಯಾವುದೋ ಕಾಯಿಲೆ ಇದ್ದ ಹಾಗಿದೆ” ಅಂದಳು. ಚಿತ್ರದ ಮೂರು ಹಾಳೆಗಳು ನನ್ನ ಕೆಲಸ. ಪ್ರತಿ ಹಾಳೆಯ ಮೂಲೆಯಲ್ಲಿ ಅರ್ಜಿದಾರರ ಹೆಸರು ಬರೆಯಬೇಕು. ಅರ್ಜಿಯಲ್ಲಿ ‘ನಿಜವಾದ ಮತ್ತು ಮೊದಲ ಆವಿಷ್ಕರ್ತ’ ಯಾರು ಎಂದು ಘೋಷಿಸಬೇಕು. ನಾನು ಮಸಿ ತುಂಬಿಕೊಂಡು ಕೂತಾಗ ಅಪ್ಪ ಬಂದು ಕುರ್ಚಿ ಎಳೆದುಕೊಂಡರು. ಅಮ್ಮ ಮನೆಯಲ್ಲಿರಲಿಲ್ಲ, ರೇಷನ್ನಿಗೆ ಹೋಗಿದ್ದಳು.

“ಹೆಸರಿನ ಜಾಗದಲ್ಲಿ ನಂದು ಹಾಕು.”

“ಅಪ್ಪ, ಮಾಡಿದ್ದು ಅಮ್ಮ.”

“ಅಲ್ಲ ಅಂತ ಯಾರು ಹೇಳಿದ್ರು? ಅಡುಗೆ ಮಾಡೋದೂ ಅವಳೇ. ಗ್ಯಾಸ್ ಕೊಟ್ಟಿರೋದು ನನ್ನ ಹೆಸರಲ್ಲಿ ತಾನೆ?”

“ಇದು ಗ್ಯಾಸ್ ಅಲ್ಲ.”

“ನೋಡು ಕಲಾ, ಯಾವಳೋ ಗೃಹಿಣಿಯ ಅರ್ಜಿ ಅಂತ ಕಂಡ್ರೆ ಆಫೀಸಿನೋರು ಫೈಲನ್ನ ಎಲ್ಲಕ್ಕಿಂತ ಕೆಳಗೆ ಹಾಕ್ತಾರೆ. ನನಗೆ ಗೊತ್ತು. ನಾನೇ ಹಾಕ್ತೀನಿ.”

ಇಷ್ಟು ಪ್ರಾಮಾಣಿಕವಾದ ವಾದಕ್ಕೆ ಏನು ಉತ್ತರ ಕೊಡುವುದು? ಕೊಟ್ಟೆ, ಒಂದು ಗಂಟೆ ಕೊಟ್ಟೆ. ಅವರ ಧ್ವನಿ ಏರಿತು. ಇಪ್ಪತ್ತೆಂಟು ವರ್ಷದ ಸರ್ವೀಸು, ಮೂರು ಸಲ ತಪ್ಪಿದ ಪ್ರಮೋಷನ್ನು, ಗೌರವ ಕೊಡದ ಮಗಳು, ಎಲ್ಲ ಬಂತು. ನನ್ನ ತಲೆ ಸಿಡಿಯುತ್ತಿತ್ತು. ಒಂದು ಹೆಸರು ತಾನೆ, ಮನೆಯೊಳಗಿನದೇ ತಾನೆ ಎಂದುಕೊಂಡೆ. ಅಮ್ಮನಿಗೆ ಆಮೇಲೆ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಬರೆದೆ. ಆ ‘ಆಮೇಲೆ’ ಬರುವ ಮುಂಚೆ ಬೇರೆ ಬೇರೆ ಕೆಲಸ ಬಂದವು.

ಕಾಗದ ಪತ್ರ ಎಲ್ಲ ಸಿದ್ಧವಾದದ್ದು ಸೆಪ್ಟೆಂಬರ್ ಮೊದಲ ವಾರ. ನಾಳೆಯೇ ಕೊಟ್ಟುಬಿಡಿ ಎಂದರು ರಘುರಾಮರು. ಅಪ್ಪ ಪಂಚಾಂಗ ತೆಗೆದರು. ನಾಳೆಯಿಂದ ಪಿತೃಪಕ್ಷ. ಸತ್ತವರಿಗೆ ಎಳ್ಳು ನೀರು ಬಿಡುವ ಹದಿನೈದು ದಿನದಲ್ಲಿ ಕುಡಿಯುವ ನೀರಿನ ಅರ್ಜಿ ಕೊಡುವುದೇ? ಆಯಿತು, ಪಿತೃಪಕ್ಷ ಕಳೆಯಲಿ ಎಂದರೆ ಆ ವರ್ಷ ಅಧಿಕ ಆಶ್ವಯುಜ ಬೇರೆ ಬಂದು ತಗಲಿಕೊಂಡಿತು. ಅಧಿಕ ಮಾಸದಲ್ಲಿ ಶುಭಕಾರ್ಯವಿಲ್ಲ. ಕಡೆಗೆ ಅಕ್ಟೋಬರ್ ಇಪ್ಪತ್ತೇಳು, ವಿಜಯದಶಮಿ, ಎಂದು ನಿಶ್ಚಯವಾಯಿತು. ಹೊಸ ಕೆಲಸ ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನ ವರ್ಷದಲ್ಲೇ ಇಲ್ಲ.

“ಜೊತೆಗೆ ನಂಗೂ ಅವತ್ತು ರಜ. ಲೀವು ಹಾಕೋ ತಾಪತ್ರಯ ಇಲ್ಲ,” ಎಂದರು ಅಪ್ಪ. ಎಷ್ಟು ಅನುಕೂಲ ನೋಡಿ. ಇದರಲ್ಲಿ ಏನೋ ಒಂದು ತೊಡಕು ಇದೆ ಎಂದು ನನಗೂ ಹೊಳೆಯಲಿಲ್ಲ.

ನವರಾತ್ರಿಯ ಮೊದಲ ದಿನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದೆವು. ಅಪ್ಪ ಅರ್ಜಿಯ ಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಪಟ್ಟದ ಗೊಂಬೆಗಳ ಮುಂದೆ, ಕಳಶದ ಬುಡದಲ್ಲಿ ಇಟ್ಟರು. ಹತ್ತು ದಿನ ದೇವಿಯ ಮುಂದೆ ಇದ್ದರೆ ಅದಕ್ಕೊಂದು ಶಕ್ತಿ ಬರುತ್ತದೆ ಎಂದರು. ದಿನಾ ಆ ಕಟ್ಟಿನ ಧೂಳು ಒರೆಸಿ ಹೂ ಏರಿಸುವ ಕೆಲಸ ಅಮ್ಮನದು.

ಆ ಹತ್ತು ದಿನದಲ್ಲಿ ಮೂಲೆ ರಸ್ತೆಯ ಕೊಡೆ ರಿಪೇರಿಯವನು ಎರಡು ಸಲ ನಮ್ಮ ಹಿತ್ತಲ ಬಾಗಿಲಿಗೆ ಬಂದದ್ದು ನೋಡಿದೆ. ಮಳೆ ಇಲ್ಲದ ವರ್ಷ, ಪಾಪ, ಕೆಲಸ ಕೇಳಿಕೊಂಡು ಬಂದಿರಬೇಕು ಎಂದುಕೊಂಡೆ.

ಒಂಬತ್ತನೆಯ ದಿನ ಸಂಜೆ ಎಲ್ಲರನ್ನೂ ಒಟ್ಟಿಗೆ ಅರಿಶಿನ ಕುಂಕುಮಕ್ಕೆ ಕರೆಯುವುದು ನಮ್ಮ ಮನೆಯ ಪದ್ಧತಿ. ಮದ್ರಾಸಿನಲ್ಲಿ ಬರೀ ಎಲೆ ಅಡಿಕೆ ಕೊಟ್ಟರೆ ಮರ್ಯಾದೆ ಉಳಿಯುವುದಿಲ್ಲ, ಜೊತೆಗೆ ಏನಾದರೂ ಕೊಡಬೇಕು. ಹಿಂದಿನ ವರ್ಷ ಇಡೀ ಬೀದಿ ಪ್ಲಾಸ್ಟಿಕ್ ಸೋಪಿನ ಡಬ್ಬಿ ಕೊಟ್ಟು, ಪ್ರತಿಯೊಬ್ಬರ ಮನೆಯಲ್ಲೂ ಹದಿನೆಂಟು ಸೋಪಿನ ಡಬ್ಬಿ ಸೇರಿಕೊಂಡಿತ್ತು. ಈ ಸಲ ಏನು ಎಂದು ಕೇಳಿದ್ದಕ್ಕೆ ಅಮ್ಮ “ರವಿಕೆ ಕಣ” ಎಂದಿದ್ದಳು. ಅಪ್ಪ ಹೆಂಗಸರ ಗದ್ದಲ ಬೇಡವೆಂದು ಕನ್ನಡ ಸಂಘದ ಪೂಜೆಗೆ ಹೋದರು. ವಠಾರದವರು, ಬೀದಿಯವರು, ಸಂಘದವರ ಹೆಂಡತಿಯರು, ಅಣ್ಣಾ ನಗರದಿಂದ ಬಸ್ಸಿಳಿದು ಬಂದವರು, ಎಲ್ಲ ಸೇರಿ ಐವತ್ತಮೂರು ಜನ ಬಂದರು. ಅಮ್ಮ ಒಬ್ಬೊಬ್ಬರಿಗೂ ಕುಂಕುಮವಿಟ್ಟು, ಬಗ್ಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಅವರು ನಗುತ್ತಿದ್ದರು. ಸುಖದುಃಖ ವಿಚಾರಿಸುತ್ತಿದ್ದಾಳೆ ಎಂದುಕೊಂಡೆ. ಕಾಯಿ, ಎಲೆ ಅಡಿಕೆ, ಮಡಿಸಿದ ರವಿಕೆ ಕಣ ಇದ್ದ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ಕೊಟ್ಟವಳು ನಾನು. ಕಣ ಸ್ವಲ್ಪ ಗಟ್ಟಿಯಾಗಿದೆಯಲ್ಲ ಎನ್ನಿಸಿತು. ಗಂಜಿ ಹಾಕಿದ ಬಟ್ಟೆ ಇರಬೇಕು ಎಂದು ನನ್ನ ತಾಂತ್ರಿಕ ಬುದ್ಧಿ ತೀರ್ಮಾನಿಸಿತು.

ವಿಜಯದಶಮಿ ಬೆಳಗ್ಗೆ ರಾಹುಕಾಲ ಯಮಗಂಡಕಾಲ ಎಲ್ಲ ತಪ್ಪಿಸಿ ಅಪ್ಪ ಕೋಟು ಹಾಕಿಕೊಂಡರು. ಆಟೋದಲ್ಲಿ ನಾವಿಬ್ಬರೂ ಪೇಟೆಂಟ್ ಕಛೇರಿಗೆ ಹೋದೆವು. ಬಾಗಿಲಿಗೆ ಬೀಗ. ಬೀಗಕ್ಕೂ ಯಾರೋ ಗಂಧ ಹಚ್ಚಿ ಹೂ ಸಿಕ್ಕಿಸಿದ್ದರು. ಕಾವಲುಗಾರ ಬೀಡಿ ಆರಿಸಿ ಎದ್ದು ನಿಂತ.

“ಇನ್ನಿಕ್ಕಿ ಲೀವು ಸಾರ್.”

“ಯಾಕೆ?”

“ವಿಜಯದಶಮಿ ಸಾರ್.”

ಅಪ್ಪ ಬೀಗವನ್ನು ಒಮ್ಮೆ ಎಳೆದು ನೋಡಿದರು. ಹಿಂದಿರುಗುವ ದಾರಿಯುದ್ದಕ್ಕೂ ಸರ್ಕಾರಿ ನೌಕರರಿಗೆ ಹಬ್ಬ ಹಬ್ಬಕ್ಕೂ ರಜ ಕೊಟ್ಟರೆ ದೇಶ ಹೇಗೆ ಉದ್ಧಾರವಾಗುತ್ತದೆ ಎಂದು ನನ್ನನ್ನು ಕೇಳಿದರು. ತಾವು ಆಫೀಸಿಗೆ ಹೋಗದೆ ಕೋಟು ಹಾಕಿಕೊಂಡು ಆಟೋದಲ್ಲಿ ಹೇಗೆ ಕೂತಿದ್ದೇವೆ ಎಂದು ತಮ್ಮನ್ನು ಕೇಳಿಕೊಳ್ಳಲಿಲ್ಲ.

ಹಬ್ಬವಾದ್ದರಿಂದ ಅಂದು ನೀರೂ ತಡವಾಗಿ ಎದ್ದಿತ್ತು. ವಠಾರದ ಅಂಗಳಕ್ಕೆ ಕಾಲಿಟ್ಟರೆ ಪಂಪಿನ ಮುಂದೆ ಸರದಿ. ಆರು ಮನೆಯ ಆರು ಹೆಂಗಸರ ಕೈಯಲ್ಲೂ ಒಂದೊಂದು ಬಳೆ. ಟಕ್ಕೆಂದು ಒಬ್ಬರು ತೆಗೆಯುತ್ತಿದ್ದರು, ಟಕ್ಕೆಂದು ಇನ್ನೊಬ್ಬರು ತೊಡಿಸುತ್ತಿದ್ದರು. ಜಗಳವಿಲ್ಲ, ಕೂಗಾಟವಿಲ್ಲ. ನನ್ನ ಕೀಲನ್ನು ಜಯಲಕ್ಷ್ಮೀ ಮಾಮಿ ಹೆಬ್ಬೆರಳಲ್ಲಿ ಚಿಮ್ಮಿ, ಕಸ ಕೊಡವಿ, ನನ್ನ ಕಡೆ ನೋಡಿ ಕೂಗಿದರು:

“ಕಲಾ, ಉಂಗ ಅಮ್ಮಾ ರೊಂಬ ಕೆಟ್ಟಿಕ್ಕಾರಿ ಡೀ! ಅಂಬುಜಂ, ನನ್ನ ನಾದಿನಿಗೆ ಪೋರೂರಿಗೆ ಒಂದು ಕಳಿಸ್ಬೇಕು, ಇನ್ನೊಂದು ಇರುಕ್ಕಾ?”

ನಿಮ್ಮಮ್ಮ ಭಾರಿ ಜಾಣೆ ಕಣೇ ಎಂದು ಹೊಗಳಿದ್ದು ನನಗೆ ಆಮೇಲೆ ಅರ್ಥವಾಯಿತು. ಮೊದಲು ಕಿವಿಗೆ ಬಿದ್ದದ್ದು ಅಂಬುಜಂ. ಇಪ್ಪತ್ತು ವರ್ಷದ ಇನ್ಶೂರೆನ್ಸ್ ಮಾಮಿ ಒಂದು ರಾತ್ರಿಯಲ್ಲಿ ಅಂಬುಜಂ ಆಗಿದ್ದಳು. ಹಿಂದಿನ ಸಂಜೆ ಒಬ್ಬೊಬ್ಬರ ಕಿವಿಯಲ್ಲಿ ಅವಳು ಹೇಳಿದ್ದು ಸುಖದುಃಖವಲ್ಲ, ತನ್ನ ಹೆಸರು. ಅಪ್ಪ ಅರ್ಜಿಯ ಕಟ್ಟನ್ನು ಎದೆಗವಚಿಕೊಂಡು ಅಂಗಳದ ಕಟ್ಟೆಯ ಮೇಲೆ ಕೂತರು.

“ಏ ಇವಳೇ, ಎಷ್ಟು ಜನಕ್ಕೆ ಕೊಟ್ಟೆ?”

“ಐವತ್ತಮೂರು. ಜಾಸ್ತಿ ಇರಲಿ ಅಂತ ಅರವತ್ತು ಮಾಡ್ಸಿದ್ದೆ.”

“ನಿನಗೆ ಬುದ್ಧಿ ಇದೆಯಾ? ಯಾರಿಗೂ ತೋರಿಸಬಾರದು ಅಂತ ಹೇಳಿರಲಿಲ್ವಾ?”

“ಹಬ್ಬದ ಗಡಿಬಿಡೀಲಿ ಮರೆತುಹೋಯ್ತು,” ಎಂದಳು ಅಮ್ಮ, ಕೊಡ ಎತ್ತಿಕೊಂಡು ಒಳಗೆ ಹೋದಳು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ರಘುರಾಮರ ಕೋಣೆಗೆ ಓಡಿದರು. ಅವರು ಎಲ್ಲ ಕೇಳಿ, ಸೆಪ್ಟೆಂಬರಿನಲ್ಲಿ ಕೊಟ್ಟಿದ್ದರೆ ಐವತ್ತಮೂರಲ್ಲ ಐದು ಸಾವಿರ ಹಂಚಿದ್ದರೂ ಚಿಂತೆಯಿರಲಿಲ್ಲ ಎಂದರು. ಅಪ್ಪ ಧ್ವನಿ ತಗ್ಗಿಸಿ, ಯಾರಿಗೂ ಕೊಟ್ಟಿಲ್ಲ ಎಂದೇ ಬರೆದುಕೊಟ್ಟರೆ ಏನಾಗುತ್ತದೆ ಎಂದು ಕೇಳಿದರು. ಇಪ್ಪತ್ತೆಂಟು ವರ್ಷ ಜನರ ಸುಳ್ಳು ಕ್ಲೇಮುಗಳನ್ನು ಹಿಡಿದು ತಿರಸ್ಕರಿಸಿದವರು ಇವರು.

“ಬರೀಬಹುದು ಸಾರ್. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಐವತ್ತಮೂರು ಸಾಕ್ಷಿ. ಅದರಲ್ಲಿ ಒಬ್ಬಳು ನನ್ನ ಹೆಂಡತಿ,” ಎಂದರು ರಘುರಾಮರು. “ಚೆನ್ನಾಗಿದೆಯಂತೆ. ಇವತ್ತು ಬೆಳಗ್ಗೆ ನಮ್ಮನೇಲಿ ಅದರಲ್ಲೇ ನೀರು ಹಿಡಿದಿದ್ದು.”

ಅಲ್ಲಿಗೆ ಮುಗಿಯಿತು. ದೀಪಾವಳಿ ಹೊತ್ತಿಗೆ ಕೊಡೆ ರಿಪೇರಿಯವನು ಕೊಡೆಗಳನ್ನೆಲ್ಲ ಮೂಲೆಗೆ ತಳ್ಳಿ, ಬಳೆಗಳನ್ನು ದಾರಕ್ಕೆ ಪೋಣಿಸಿ ನೇತುಹಾಕಿ, ‘ಅಂಬುಜಂ ಕ್ಲಿಪ್’ ಎಂದು ಕೂಗಿ ಮಾರುತ್ತಿದ್ದ. ಪುರಸೈವಾಕ್ಕಂನ ಪಾತ್ರೆ ಅಂಗಡಿಗಳಿಗೂ ಬಂತು, ಅಲ್ಲೂ ಅದೇ ಹೆಸರು. ಅಪ್ಪ ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟರು. ಮನೆಯಲ್ಲಿ ಮಾತ್ರ ದಿನಕ್ಕೆರಡು ಸಲ, ಹೆಂಗಸರ ಬಾಯಲ್ಲಿ ಮಾತು, ಕೈಯಲ್ಲಿ ವಸ್ತು ನಿಲ್ಲುವುದಿಲ್ಲ ಎನ್ನುತ್ತಿದ್ದರು. ಅಮ್ಮ ಅನ್ನ ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ನನಗೂ ಸಿಟ್ಟು ಬಂದಿತ್ತು. ಐದು ತಿಂಗಳು ಬೆನ್ನು ಬಗ್ಗಿಸಿ ಕೆಲಸ ಮಾಡಿದ್ದೆ, ಪೇಟೆಂಟು ಬಂದರೆ ಒಂದು ಕೆಲಸವೂ ಸಿಕ್ಕೀತು ಎಂಬ ಆಸೆ ಒಳಗೊಳಗೇ ಇತ್ತು. ಒಂದು ದಿನ ಅಡುಗೆಮನೆಯಲ್ಲಿ ಇಬ್ಬರೇ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಕೇಳಿಯೇಬಿಟ್ಟೆ.

“ಅಲ್ಲ ಅಮ್ಮ, ನಿನಗೆ ಅಷ್ಟು ಸಲ ಬಿಡಿಸಿ ಹೇಳಿದ್ದೆ. ನೀನೇ ತಿರುಗಿ ಒಪ್ಪಿಸಿದ್ದೆ. ಅದು ಹೇಗೆ ಮರೆತೆ?”

“ಮರೀಲಿಲ್ಲ,” ಅಂದಳು.

ನನ್ನ ಕೈ ನಿಂತಿತು. ಅವಳದು ನಿಲ್ಲಲಿಲ್ಲ.

“ಗೊಂಬೆ ಮುಂದೆ ಇಟ್ಟಿದ್ರಲ್ಲ ಕಟ್ಟು, ಮೊದಲನೇ ದಿನವೇ ಬಿಚ್ಚಿ ನೋಡ್ದೆ. ನನ್ನ ಹೆಸರು ಸರ್ಕಾರದ ಕಾಗದದಲ್ಲಿ ಹೇಗೆ ಕಾಣತ್ತೆ ಅಂತ ನೋಡೋ ಆಸೆ ಇತ್ತು. ಮೂರು ಹಾಳೇಲೂ ಹುಡುಕಿದೆ. ಮೊದಲು, ನಂಗೇ ಓದೋಕೆ ಬರ್ತಿಲ್ಲವೇನೋ ಅಂದ್ಕೊಂಡೆ. ಆದ್ರೆ ನಿಮ್ಮಪ್ಪನ ಹೆಸರು ಗುರುತು ಹತ್ತಲ್ವಾ? ಇಷ್ಟು ವರ್ಷದಿಂದ ರೇಷನ್ ಕಾರ್ಡಲ್ಲಿ ನೋಡ್ತಿದೀನಿ.” ಒಂದು ಬೇರು ಕಿತ್ತು ಪಕ್ಕಕ್ಕಿಟ್ಟಳು. “ನಿನ್ನ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.”

“ಅಪ್ಪ ಕೇಳಲಿಲ್ಲ ಅಮ್ಮ. ಒಂದು ಗಂಟೆ ವಾದ ಮಾಡ್ದೆ. ನಿಂಗೆ ಗೊತ್ತಲ್ಲ ಅವರು ಎಂಥವರು ಅಂತ. ಅವರ ಮೇಲೆ ನಿಂಗೆ ಸಿಟ್ಟು ಬರಲಿಲ್ವಾ?”

ಅಮ್ಮ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು.

“ಅವರ ಮೇಲೆ ಯಾಕೆ? ನಿನ್ನ ಹೆಸರು ಬರೀತೀನಿ ಅಂತ ಅವರು ಯಾವತ್ತೂ ಹೇಳಿರಲಿಲ್ಲ.”

ಬುಟ್ಟಿಯಲ್ಲಿ ಇನ್ನೂ ಅರ್ಧ ಸೊಪ್ಪು ಉಳಿದಿತ್ತು. ನಾನು ತಲೆ ತಗ್ಗಿಸಿ ಬಿಡಿಸುತ್ತಾ ಹೋದೆ.